ಪಾಸ್ಟನ್ ಮನೆತನದ ಮೂಲವಿಚಾರ

ಋಷಿಮೂಲವನ್ನೂ ನದೀಮೂಲವನ್ನೂ ವಿಚಾರಿಸಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ನದಿಯ ಮೂಲವನ್ನು ಹುಡುಕುತ್ತ ಹೋದವನಿಗೆ ಕಟ್ಟಕಡೆಗೆ ಕಾಣಸಿಗುವುದು ಬೊಗಸೆ ನೀರಿನ ಒಂದು ಒರತೆ. ಅದನ್ನು ಕಂಡು ನದಿಯ ಮಹಿಮೆಯನ್ನು ಅಳೆಯುವುದು ಅವಿವೇಕವೆಂಬುದೇ ಈ ನುಡಿಯ ತಾತ್ಪರ್ಯವಾಗಿರಬೇಕು. ಆದರೆ ಹೊಲಮನೆಯುಳ್ಳ ಗೃಹಸ್ಥನ ಮೂಲವನ್ನು ವಿಚಾರಿಸಬಾರದೆಂದು ಯಾರೂ ವಿಧಿಸಿಲ್ಲ. ವಿಧಿಸಿದ್ದರೂ ಆಸ್ತಿಯ ಮೇಲೆ ಕಣ್ಣಿಟ್ಟವರು ಅದನ್ನು ಪಾಲಿಸುತ್ತಿರಲಿಲ್ಲ. ಇಂಗ್ಲೆಂಡು ದೇಶದಲ್ಲಿ ಕ್ರಿ. ಶ. ಹದಿನೈದನೆಯ ಶತಮಾನದಲ್ಲಿ ಒಂದು ಮನೆತನದವರನ್ನು ಕುರಿತು “ಇವರ ಅಜ್ಜನು ಯಾರು?” ಎಂಬ ಪ್ರಶ್ನೆ ಹುಟ್ಟಿ, ಅದು ಅರಸನ ಸನ್ನಿಧಿಯವರೆಗೂ ಹೋಯಿತು. ಆ ಪ್ರಶ್ನೆಗೆ ದೊರೆಯುವ ಉತ್ತರದ ಮೇಲೆ ಅವರ ಮನೆ, ಹೊಲ, ಕೋಟೆಗಳಷ್ಟೇ ಅಲ್ಲ, ಅವರ ಮೈಯ ಸ್ವಾತಂತ್ರ್ಯವೂ ನಿಂತಿದ್ದಿತು. ಆ ವಿವಾದದ ಕಾಗದಪತ್ರಗಳು ಇಂದಿಗೂ ಉಳಿದಿರುವುದರಿಂದ, ಅವನ್ನು ವಾಚಕರ ಮುಂದಿಟ್ಟು, ಉಭಯಪಕ್ಷಗಳ ಸಾಕ್ಷ್ಯವನ್ನೂ ತೂಗಿ ನೋಡಬೇಕೆಂದು ನಮಗೆ ಅಪೇಕ್ಷೆಯಾಗಿದೆ.

ಇಂಗ್ಲೆಂಡಿನ ಪೂರ್ವತೀರದಲ್ಲಿ ನಾರ್ಫೋಕ್ ಎಂಬುದೊಂದು ಸೀಮೆ. ಅದರ ಮುಖ್ಯ ಪಟ್ಟಣ ನಾರಿಚ್. ಅಲ್ಲಿಂದ ಈಶಾನ್ಯ ದಿಕ್ಕಿಗೆ ಸುಮಾರು 20 ಮೈಲಿಗಳ ದೂರದಲ್ಲಿ, ಸಮುದ್ರಕ್ಕೆ ಸಮೀಪವಾಗಿ, ಪಾಸ್ಟನ್ ಎಂಬ ಚಿಕ್ಕ ಗ್ರಾಮವಿದೆ. ಆ ಗ್ರಾಮದ ಹೆಸರನ್ನೇ ಮನೆತನದ ಹೆಸರಾಗಿ ಧರಿಸಿದವರು ಪಾಸ್ಟನ್ನರು. ಇವರು ಯುದ್ಧದಲ್ಲಿ ಹೆಸರಾದವರಲ್ಲ, ರಾಜ್ಯವಾಳಿದವರೂ ಅಲ್ಲ. ಇವರ ಕೀರ್ತಿಗೆ ಕಾರಣ ಬೇರೊಂದು. ಮೂರು ನಾಲ್ಕು ತಲೆಮಾರುಗಳ ಕಾಲ ಇವರು ತಮ್ಮ ತಮ್ಮೊಳಗೆ ಬರೆದುಕೊಂಡ ಕಾಗದಗಳು ನಾಶವಾಗದೆ ಉಳಿದುವು. ಗಂಡನಿಗೆ ಹೆಂಡತಿ, ತಾಯಿಗೆ ಮಗ, ಯಜಮಾನನಿಗೆ ಪಾರುಪತ್ತೆಗಾರ, ಹೀಗೆ ಬರೆದ ಓಲೆಗಳೂ ಇತರ ದಸ್ತಾವೇಜುಗಳೂ ಸೇರಿ ಒಂದು ಸಾವಿರಕ್ಕೂ ಮೇಲ್ಪಟ್ಟಿರುವುವು. 1787 ರಲ್ಲಿ ಜಾನ್ ಫೆನ್ ಎಂಬ ವಿದ್ವಾಂಸನು ಇವುಗಳಲ್ಲಿ ಕೆಲವನ್ನು ಅಚ್ಚು ಹಾಕಿಸಿ ಮೂಲಪ್ರತಿಗಳನ್ನು ಅರಸನಿಗೆ ಒಪ್ಪಿಸಿದನು. ಆ ಬಳಿಕ ಅವು ಕಣ್ಮರೆಯಾದುವು. ಇವು ನಿಜವಾದ ಪತ್ರಗಳೇ ಎಂದು 1865 ರಲ್ಲಿ ಒಬ್ಬ ಪಂಡಿತನು ಸಂದೇಹವನ್ನೂ ಎತ್ತಿದನು. ಆದರೆ ಒಂದೊಂದಾಗಿ ಮೂಲಗಳು ಮತ್ತೆ ದೊರೆತುವು. ಅರಸನಿಗೆ ಒಪ್ಪಿಸಿದ ಸಂಪುಟಗಳೂ 1889 ರಲ್ಲಿ ಸಫೋಕ್ ಸೀಮೆಯ ಒಂದು ದೊಡ್ಡ ಮನೆಯಲ್ಲಿ ಸಿಕ್ಕಿದುವು. ಈಗ ಬಹುಭಾಗವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಸುರಕ್ಷಿತವಾಗಿದೆ.

ಈ ಪತ್ರಗಳ ಸ್ವಾರಸ್ಯಕ್ಕೆ ಒಂದೇ ಉದಾಹರಣೆ ಸಾಕು. 1448 ರಲ್ಲಿ ಮಾರ್ಗರೆಟ್ ಪಾಸ್ಟನ್ ಎಂಬ ಗೃಹಿಣಿಯು ಲಂಡನ್ನಿನಲ್ಲಿದ್ದ ಗಂಡನಿಗೆ ಸಾಮಾನಿನ ಪಟ್ಟಿಯನ್ನು ಕಳುಹಿಸಿದಳು. ಅದರಲ್ಲಿ ಮೊದಲು ಬೇಡಿದುದು ಅಡ್ಡಬಿಲ್ಲುಗಳನ್ನು, ಅವಕ್ಕೆ ತಕ್ಕ ಬಾಣಗಳನ್ನು, ಕೊಡಲಿಯಂತಹ ಆಯುಧಗಳನ್ನು. ಅದೇ ಓಲೆಯಲ್ಲಿ ಒಂದು ಪೌಂಡು ಬಾದಾಮಿ, ಒಂದು ಪೌಂಡು ಸಕ್ಕರೆ, ಮಕ್ಕಳಿಗೆ ನಿಲುವಂಗಿಯ ಬಟ್ಟೆ. ಗ್ರೆಷಮ್ ಎಂಬಲ್ಲಿದ್ದ ಅವರ ಮನೆಯನ್ನು ಒಬ್ಬ ಪ್ರಭುವು ಬಲಾತ್ಕಾರದಿಂದ ಕಿತ್ತುಕೊಂಡಿದ್ದನು. ಹೆಂಡತಿಯು ನೆರೆಯ ಮನೆಯೊಂದರಲ್ಲಿದ್ದುಕೊಂಡು, ಅಡಿಗೆಯ ಸಾಮಗ್ರಿಯನ್ನೂ ಕದನದ ಸಾಮಗ್ರಿಯನ್ನೂ ಒಂದೇ ಉಸಿರಿನಲ್ಲಿ ಲೆಕ್ಕಹಾಕಬೇಕಾಗಿದ್ದಿತು. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹೊಲವನ್ನು ಸಂಪಾದಿಸುವುದಕ್ಕಿಂತ ಸಂಪಾದಿಸಿದುದನ್ನು ಉಳಿಸಿಕೊಳ್ಳುವುದೇ ಕಷ್ಟವಾಗಿದ್ದಿತೆಂಬುದನ್ನು ವಾಚಕರು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನು ಈ ಮನೆತನದವರು ಏಳಿಗೆಗೆ ಬಂದ ಕ್ರಮ. ನಿಶ್ಚಯವಾಗಿ ತಿಳಿದಿರುವ ಮೊದಲನೆಯ ಪುರುಷನು ಕ್ಲೆಮೆಂಟ್ ಪಾಸ್ಟನ್. ಇವನು ಪಾಸ್ಟನ್ ಗ್ರಾಮದಲ್ಲಿಯೇ ಇದ್ದು 1419 ರಲ್ಲಿ ಕಾಲವಾದನು. ಇವನ ಮಗ ವಿಲಿಯಂ, 1378 ರಲ್ಲಿ ಹುಟ್ಟಿದವನು. ಈತನು ಧರ್ಮಶಾಸ್ತ್ರವನ್ನು, ಎಂದರೆ ಆ ದೇಶದ ನ್ಯಾಯಶಾಸ್ತ್ರವನ್ನು, ಕಲಿತು ವಕೀಲನಾಗಿ, 1429 ರಲ್ಲಿ ಅರಸನ ಉಚ್ಚ ನ್ಯಾಯಸ್ಥಾನಗಳಲ್ಲಿ ಒಂದಕ್ಕೆ ನ್ಯಾಯಾಧಿಪತಿಯಾದನು. ಗೌರವಸ್ಥರ ಮನೆಯ ಆಗ್ನೆಸ್ ಬೆರಿ ಎಂಬ ಕನ್ಯೆಯನ್ನು 1420 ರಲ್ಲಿ ಮದುವೆಯಾಗಿ, ಸುತ್ತಮುತ್ತಲೂ ಭೂಮಿಯನ್ನು ಕೊಂಡುಕೊಳ್ಳುತ್ತ ಹೋಗಿ, 1444 ರಲ್ಲಿ ತೀರಿಕೊಂಡನು. ಅವನ ಹಿರಿಯ ಮಗ ಜಾನನೂ ವಕೀಲನೇ. ಮೇಲೆ ಹೇಳಿದ ಮಾರ್ಗರೆಟ್ಟಳ ಗಂಡನು. ಈ ಜಾನನು ಸರ್ ಜಾನ್ ಫಾಸ್ಟಾಲ್ಫ್ ಎಂಬ ವೃದ್ಧ ಯೋಧನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದನು. ಫಾಸ್ಟಾಲ್ಫನಿಗೆ ಮಕ್ಕಳಿರಲಿಲ್ಲ, ಫ್ರಾನ್ಸಿನ ಯುದ್ಧಗಳಲ್ಲಿ ಗಳಿಸಿದ ಐಶ್ವರ್ಯದಿಂದ ಅವನು ಕೇಸ್ಟರ್ ಎಂಬಲ್ಲಿ ಇಟ್ಟಿಗೆಯ ದೊಡ್ಡ ಕೋಟೆಮನೆಯನ್ನು ಕಟ್ಟಿಸಿದ್ದನು. 1459 ರ ನವೆಂಬರಿನಲ್ಲಿ ಅವನು ಸತ್ತಾಗ, ಸಾಯುವ ಮುನ್ನ ತನ್ನ ನಾರ್ಫೋಕ್ ಮತ್ತು ಸಫೋಕ್ ಸೀಮೆಗಳ ಆಸ್ತಿಯನ್ನು ತನಗೇ ಬಿಟ್ಟನೆಂದು ಜಾನನು ಮುಂದೆ ಬಂದನು. ಆ ಮರಣಶಾಸನವಾದರೋ ಬಾಯಿಮಾತಿನದು. ಸಾಯುವವನ ಬಾಯಿಂದ ಬಂದ ಮಾತಿಗೆ ಲಾಭ ಪಡೆಯುವವನೇ ಸಾಕ್ಷಿಯಾದರೆ ಜನರು ಏನೆಂದುಕೊಳ್ಳುವರೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಖಟ್ಲೆಗಳ ಮೇಲೆ ಖಟ್ಲೆಗಳು ಎದ್ದುವು. ಜಾನನು ಮೂರು ಬಾರಿ ಲಂಡನ್ನಿನ ಫ್ಲೀಟ್ ಸೆರೆಮನೆಯನ್ನು ಕಂಡನು.

ಇಷ್ಟಕ್ಕೇ ಮುಗಿಯಲಿಲ್ಲ. ಮರಣಶಾಸನವನ್ನು ಮುರಿಯುವುದಕ್ಕಿಂತ ಸುಲಭವಾದ ಇನ್ನೊಂದು ದಾರಿ ವಿರೋಧಿಗಳಿಗೆ ತೋರಿತು. ಅದೇನೆಂದರೆ, ಪಾಸ್ಟನ್ನರು ಕುಲೀನರೇ ಅಲ್ಲ, ಹುಟ್ಟಿನಿಂದ ಜೀತದೊಕ್ಕಲಿನವರು, ಎಂದು ಸಾಧಿಸುವುದು.

ಈ ಮಾತಿನ ಭಾರವು ಇಂದಿನವರಿಗೆ ತಿಳಿಯಬೇಕಾದರೆ ಆ ದೇಶದ ಹಳೆಯ ನ್ಯಾಯವನ್ನು ಸ್ವಲ್ಪ ಅರಿಯಬೇಕು. ಅಲ್ಲಿ ಒಕ್ಕಲುಗಳಲ್ಲಿ ಎರಡು ತೆರ. ಸ್ವತಂತ್ರರು ಗೊತ್ತಾದ ಕಂದಾಯವನ್ನು ಕೊಟ್ಟು ತಮ್ಮ ಪಾಡಿಗೆ ತಾವಿರುವರು. ಜೀತದೊಕ್ಕಲು ಹಾಗಲ್ಲ. ಅವನು ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕು. ಮಗಳ ಮದುವೆಗೆ ಒಡೆಯನಿಗೆ ಕಾಣಿಕೆ ಸಲ್ಲಿಸಬೇಕು. ಅಪ್ಪಣೆಯಿಲ್ಲದೆ ಊರು ಬಿಡಕೂಡದು. ಅವನಲ್ಲಿರುವ ಸೊತ್ತೆಲ್ಲವೂ ನ್ಯಾಯದ ದೃಷ್ಟಿಯಲ್ಲಿ ಒಡೆಯನ ಸೊತ್ತೇ. ಜೀತದವನು ಎಲ್ಲಿಯಾದರೂ ಹೋಗಿ ನೂರು ಗ್ರಾಮಗಳನ್ನು ಕೊಂಡರೂ, ಒಡೆಯನು ಬಂದು ಕೈಯಿಟ್ಟರೆ ಅವು ಒಡೆಯನವಾಗುವುವು. ಪಾಸ್ಟನ್ ಗ್ರಾಮದ ಭೂಮಿಯಲ್ಲಿ ಒಂದು ಭಾಗವು ಗಿಮಿಂಗ್‌ಹ್ಯಾಮ್ ಎಂಬ ಜಹಗೀರಿಗೆ ಸೇರಿದುದು. ಆ ಜಹಗೀರು ಲ್ಯಾಂಕಾಸ್ಟರ್ ಸಂಸ್ಥಾನದ್ದು. ಆ ಸಂಸ್ಥಾನವು 1399 ರಿಂದ ಅರಸನ ಕೈಯಲ್ಲಿಯೇ ಇದ್ದಿತು. ಆದುದರಿಂದ ಕ್ಲೆಮೆಂಟನು ಗಿಮಿಂಗ್‌ಹ್ಯಾಮಿನ ಜೀತದೊಕ್ಕಲೆಂದು ಸಿದ್ಧವಾದರೆ, ಅವನ ಮಗನಾದ ನ್ಯಾಯಾಧಿಪತಿಯೂ ಮೊಮ್ಮಗನಾದ ವಕೀಲನೂ ಅರಸನ ಜೀತದವರಾಗುವರು. ಅವರು ಕೊಂಡ ಹೊಲಗಳೂ ಕೇಸ್ಟರಿನ ಕೋಟೆಯೂ ಅರಸನಿಗೆ ಸೇರುವುವು. ಅರಸನು ಅವನ್ನು ತನಗೆ ಬೇಕಾದವರಿಗೆ ದಯಪಾಲಿಸಬಹುದು. ಅಜ್ಜನ ಹೆಸರಿನಲ್ಲಿ ಒಂದು ಮಾತು, ಮೊಮ್ಮಗನ ಬಾಳೆಲ್ಲ ಬಯಲು.

ವಿರೋಧಿಗಳ ಪಕ್ಷದಲ್ಲಿ ಹುಟ್ಟಿದ ಒಂದು ಲೇಖವು ನಮಗೆ ಉಳಿದಿದೆ. ಅದನ್ನು ಬರೆದವನ ಹೆಸರಿಲ್ಲ, ತಿಥಿಯೂ ಇಲ್ಲ. ಆದರೆ ನ್ಯಾಯಾಧಿಪತಿ ವಿಲಿಯಮನು ಸತ್ತನೆಂದೂ ಅವನ ಮಗ ಜಾನನು ಈಗ ಇಂತಿಂತಹ ಕೆಲಸ ಮಾಡುತ್ತಿರುವನೆಂದೂ ಅದರೊಳಗೆ ಹೇಳಿದೆ. ಜಾನನು 1466 ರ ಮೇ ತಿಂಗಳಿನಲ್ಲಿ ಸತ್ತನು. ಅಂತಃಸಾಕ್ಷ್ಯದಿಂದ ಲೇಖವು 1444 ಕ್ಕೂ 1466 ಕ್ಕೂ ನಡುವಣದೆಂದು ಸಿದ್ಧವಾಗುತ್ತದೆ. ಪಾಸ್ಟನ್ನರ ಘನವಾದ ವಂಶದ ನೆನಪಿಗಾಗಿ ಬರೆದುದೆಂದು ಅದರ ತಲೆಬರಹ. ಆ ಘನತೆಯೆಂಬುದು ಕುಚೋದ್ಯವೆಂದು ಮುಂದೆ ಓದಿದರೆ ಗೊತ್ತಾಗುವುದು. ಅದರ ಸಾರಾಂಶವಿಷ್ಟು. ಕ್ಲೆಮೆಂಟನು ಸಾದಾಸೀದಾ ಬೇಸಾಯಗಾರ. ವರ್ಷವೆಲ್ಲಾ ಒಂದು ನೇಗಿಲನ್ನು, ಬಾರ್ಲಿಯ ಬಿತ್ತನೆಯ ಕಾಲದಲ್ಲಿ ಕೆಲವೊಮ್ಮೆ ಎರಡನ್ನು, ಹೂಡುತ್ತಿದ್ದನು. ಜೀನಿಲ್ಲದ ಕುದುರೆಯ ಮೇಲೆ, ಧಾನ್ಯದ ಮೂಟೆಯನ್ನು ತನ್ನ ಕೆಳಗೆ ಹಾಕಿಕೊಂಡು ಗಿರಣಿಗೆ ಹೋಗಿ, ಹಿಟ್ಟು ಮಾಡಿಸಿಕೊಂಡು ಹಾಗೆಯೇ ಹಿಂದಿರುಗುವನು. ಬಂಡಿಯನ್ನು ತಾನೇ ಹೊಡೆದುಕೊಂಡು ಹೋಗಿ ವಿಂಟರ್ಟನ್ ಎಂಬಲ್ಲಿ ಧಾನ್ಯವನ್ನು ಮಾರುವನು. ಅವನಿಗಿದ್ದುದು ಹೆಚ್ಚೆಂದರೆ ನೂರು ನೂರಿಪ್ಪತ್ತು ಎಕರೆ; ಅದರಲ್ಲಿಯೂ ಬಹುಭಾಗ ಗಿಮಿಂಗ್‌ಹ್ಯಾಮಿಗೆ ಸೇರಿದ ಜೀತದ ಭೂಮಿ; ಜೊತೆಗೆ ಸಣ್ಣ ಹೊಳೆಯ ಮೇಲೊಂದು ಬಡ ನೀರುಗಿರಣಿ. ಅವನು ಕೈಹಿಡಿದವಳು ಜೆಫ್ರಿ ಎಂಬವನ ತಂಗಿ, ಜೀತದ ಹೆಂಗಸು. ಈ ಜೆಫ್ರಿಯು ಪಾಪಕ್ಷಮೆಯ ಪತ್ರಗಳನ್ನು ಮಾರುವವನೂ ವಕೀಲನೂ ಆಗಿದ್ದು, ಕಾಸಿಗೆ ಕಾಸು ಸೇರಿಸಿ ಸಾಮರ್ಟನ್ ಎಂಬಲ್ಲಿ ಒಂದು ದೇವಾಲಯವನ್ನು ಕಟ್ಟಿಸಿದನು. ಕ್ಲೆಮೆಂಟನು ಮಗನಾದ ವಿಲಿಯಮನನ್ನು ಪಾಠಶಾಲೆಗೆ ಹಾಕಿ, ಅದರ ವೆಚ್ಚಕ್ಕಾಗಿ ಅನೇಕ ವೇಳೆ ಸಾಲಮಾಡಿದನು; ಆ ಮೇಲೆ ಸೋದರಮಾವನಾದ ಜೆಫ್ರಿಯ ಸಹಾಯದಿಂದ ಹುಡುಗನು ನ್ಯಾಯಶಾಸ್ತ್ರವನ್ನು ಕಲಿತನು.

ಇದಕ್ಕೆ ಪ್ರತಿಯಾಗಿ ಪಾಸ್ಟನ್ನರ ಪಕ್ಷದ ಲೇಖವು ಅರಸನ ಹೆಸರಿನಲ್ಲಿಯೇ ಇರುವುದು. ಜಾನನು ಸತ್ತ ಎರಡು ತಿಂಗಳಿಗೆ, 1466 ರ ಜುಲೈ ತಿಂಗಳಿನಲ್ಲಿ, ನಾಲ್ಕನೆಯ ಎಡ್ವರ್ಡ್ ಅರಸನು ಅವನ ಮಗನಿಗೂ ತಮ್ಮಂದಿರಿಗೂ ಅನುಕೂಲವಾಗಿ ಘೋಷಣೆ ಮಾಡಿದನು. ಇವರು ಹಳೆಯ ದಸ್ತಾವೇಜುಗಳನ್ನೂ ಚಾವಡಿಯ ಕಡತಗಳನ್ನೂ ಮಠಗಳಿಗೆ ಪೂರ್ವಿಕರು ಕೊಟ್ಟ ದಾನಪತ್ರಗಳನ್ನೂ ತೋರಿಸಿದರೆಂದೂ, ನೆನಪು ಮೀರಿದ ಕಾಲದಿಂದ ಇವರಿಗೇ ಸ್ವಂತ ಚಾವಡಿಯೂ ಸ್ವಂತ ಜೀತದೊಕ್ಕಲುಗಳೂ ಇದ್ದುವೆಂದೂ, ಆದುದರಿಂದ ಇವರು ಕುಲೀನರೆಂದೂ ಅದರಲ್ಲಿ ಒಪ್ಪಿದೆ. ವಂಶದ ಮೂಲಪುರುಷನು ವುಲ್ಫ್‌ಸ್ಟನ್ ಎಂಬವನು, ಫ್ರಾನ್ಸ್ ದೇಶದಿಂದ ಬಂದವನು ಎಂದೂ ಹೇಳಿದೆ. 1066 ರಲ್ಲಿ ನಾರ್ಮಂಡಿಯ ಡ್ಯೂಕನಾದ ವಿಲಿಯಮನು ಇಂಗ್ಲೆಂಡನ್ನು ಗೆದ್ದ ಮೇಲೆ, ಫ್ರಾನ್ಸಿನಿಂದ ಬಂದ ಮನೆತನವೆಂಬುದೇ ಅಲ್ಲಿ ಕುಲೀನತೆಯ ಮುದ್ರೆಯಾಗಿದ್ದಿತು.

ಈಗ ವಾಚಕರು ನ್ಯಾಯಪೀಠದಲ್ಲಿ ಕುಳಿತುಕೊಳ್ಳಬೇಕು. ಒಂದು ಕಡೆ ಹೆಸರಿಲ್ಲದ ಶತ್ರು, ಇನ್ನೊಂದು ಕಡೆ ಮುದ್ರೆಯೊತ್ತಿದ ಅರಸು. ಮೇಲ್ನೋಟಕ್ಕೆ ಅರಸನ ಮಾತೇ ಪ್ರಮಾಣವೆಂದು ತೋರಬಹುದು. ಆದರೆ ಪ್ರಮಾಣವಿಚಾರದಲ್ಲಿ ಆಪ್ತವಾಕ್ಯವೆಂಬುದು ಹೇಳುವವನ ಪದವಿಯಿಂದ ಸಿದ್ಧಿಸುವುದಿಲ್ಲ. ಹೇಳುವವನಿಗೆ ವಿಷಯ ತಿಳಿದಿರಬೇಕು, ಸುಳ್ಳಿನಿಂದ ಅವನಿಗೆ ಪ್ರಯೋಜನವಿರಬಾರದು. ಅರಸನಿಗೆ ವಿಷಯ ತಿಳಿದುದು ಪಾಸ್ಟನ್ನರೇ ತಂದೊಪ್ಪಿಸಿದ ಕಾಗದಗಳಿಂದ. ಅವರಲ್ಲಿ ಹಿರಿಯನಾದ ಎರಡನೆಯ ಜಾನನು 1463 ರಲ್ಲಿ ನೈಟ್ ಪದವಿಯನ್ನು ಪಡೆದು ಆಸ್ಥಾನದಲ್ಲಿ ಓಡಾಡುತ್ತಿದ್ದವನು. ಮೇಲಾಗಿ ವಂಶಾವಳಿಯ ಮಾತು ನಮಗೆ ದೊರೆತಿರುವುದು ಆ ಮನೆತನದ ಕೀರ್ತಿಗಾಗಿ ಮುಂದಿನವರು ಸಂಗ್ರಹಿಸಿದ ಗ್ರಂಥದ ಮೂಲಕ. ಆದುದರಿಂದ ಘೋಷಣೆಯನ್ನು ರಾಜಪ್ರಸಾದವೆಂದು ಎಣಿಸಬಹುದೇ ಹೊರತು ಚರಿತ್ರೆಯ ನಿರ್ಣಯವೆಂದು ಎಣಿಸಲಾಗದು.

ಮೂಲಪುರುಷನ ಹೆಸರನ್ನೇ ನೋಡಿರಿ. ವುಲ್ಫ್‌ಸ್ಟನ್ ಎಂಬುದು ಫ್ರೆಂಚರ ಹೆಸರೇ ಅಲ್ಲ. ಅದು ಹಳೆಯ ಇಂಗ್ಲಿಷಿನ ಸಮಾಸಪದ: ‘ವುಲ್ಫ್’ ಎಂದರೆ ತೋಳ, ‘ಸ್ಟಾನ್’ ಎಂದರೆ ಕಲ್ಲು. ಇವುಗಳಲ್ಲಿ ಮೊದಲನೆಯದು ನಮ್ಮ ಸಂಸ್ಕೃತದ ‘ವೃಕ’ ಶಬ್ದಕ್ಕೆ ಸೋದರವೆಂದು ಶಬ್ದಶಾಸ್ತ್ರಜ್ಞರು ಒಪ್ಪಿರುವರು. ನಾರ್ಮನ್ನರು ಬಂದಾಗ ವೂಸ್ಟರಿನಲ್ಲಿ ಬಿಷಪ್ಪನಾಗಿದ್ದು 1095 ರಲ್ಲಿ ದೈವಾಧೀನನಾದ ವುಲ್ಫ್‌ಸ್ಟನ್ ಎಂಬಾತನು ಅಪ್ಪಟ ಇಂಗ್ಲಿಷ್ ಕುಲದವನು. ಬಂದವರ ಹೆಸರುಗಳು ವಿಲಿಯಂ, ರಾಬರ್ಟ್, ರಾಲ್ಫ್ ಎಂದು ಮುಂತಾದುವು. ಹೀಗಿರಲು ಫ್ರಾನ್ಸಿನಿಂದ ಬಂದವನಿಗೆ ಇಂಗ್ಲಿಷ್ ಒಕ್ಕಲಿಗನ ಹೆಸರನ್ನಿಟ್ಟ ವಂಶಾವಳಿಕಾರನು ತನ್ನ ಕೆಲಸದಲ್ಲಿ ಎಡವಿದನೆನ್ನಬೇಕು. ಪಾಸ್ಟನ್ ಎಂಬ ಹೆಸರುಳ್ಳವರು ಹಳೆಯ ದಾನಪತ್ರಗಳಲ್ಲಿ ಕಂಡುಬಂದರೂ ಅದರಿಂದ ಹೆಚ್ಚೇನೂ ಸಿದ್ಧವಾಗದು. ಪಾಸ್ಟನ್ನಿನ ರಾಬರ್ಟನೆಂದರೆ ಆ ಊರಿನವನೆಂದಷ್ಟೇ ಅರ್ಥ. ಒಂದೂರಿನ ಹತ್ತು ಮನೆಗಳವರು ಪರಊರಿಗೆ ಹೋದರೆ ಹತ್ತು ಮಂದಿಗೂ ಅದೇ ಹೆಸರು ಬರುವುದು. ಊರು ಒಂದಾದ ಮಾತ್ರಕ್ಕೆ ರಕ್ತವೂ ಒಂದೆಂದು ಹೇಳಬರುವುದಿಲ್ಲ.

ಹಾಗಾದರೆ ಶತ್ರುವಿನ ಲೇಖವೇ ನಿಜವೋ? ಅದನ್ನೂ ಹಾಗೆಯೇ ನುಂಗಲಾಗದು. ಇಲ್ಲಿ ಒಂದು ಸೂಕ್ಷ್ಮವಿದೆ. ಕ್ಲೆಮೆಂಟನ ಭೂಮಿಯು ಜೀತದ್ದೆಂದೂ ಅವನ ಹೆಂಡತಿಯು ಜೀತದವಳೆಂದೂ ಆ ಲೇಖವು ಹೇಳುತ್ತದೆ. ಕ್ಲೆಮೆಂಟನೇ ಜೀತದವನೆಂದು ನೇರವಾಗಿ ಹೇಳುವುದಿಲ್ಲ. ಭೂಮಿಯ ಧರ್ಮ ಬೇರೆ, ಮನುಷ್ಯನ ಧರ್ಮ ಬೇರೆ. 1348-49 ರ ಮಹಾಮಾರಿಯಲ್ಲಿ ಇಂಗ್ಲೆಂಡಿನ ಜನಸಂಖ್ಯೆಯ ಮೂರರಲ್ಲೊಂದಂಶಕ್ಕೂ ಮಿಕ್ಕು ಸತ್ತುಹೋಗಿ ಹೊಲಗಳು ಪಾಳುಬಿದ್ದಾಗ, ಸ್ವತಂತ್ರರಾದ ಎಷ್ಟೋ ಒಕ್ಕಲಿಗರು ಅಗ್ಗವಾಗಿ ಸಿಕ್ಕಿದ ಜೀತದ ಭೂಮಿಯನ್ನು ಹಿಡಿದರು; ಅದರಿಂದ ಅವರು ಜೀತದವರಾಗಲಿಲ್ಲ. ಇನ್ನು ತಾಯಿಯ ಮಾತು. ರೋಮನರ ನ್ಯಾಯದಲ್ಲಿ ದಾಸಿಯ ಮಗನು ದಾಸನೇ. ಇಂಗ್ಲೆಂಡಿನಲ್ಲಿ ಹಾಗಲ್ಲ. ಈ ವಿವಾದದ ಕಾಲದಲ್ಲಿಯೇ ನ್ಯಾಯಾಧಿಪತಿಯಾಗಿದ್ದ ಲಿಟಲ್ಟನ್ ಎಂಬ ಪಂಡಿತನು, ಸ್ವತಂತ್ರನು ಜೀತದವಳನ್ನು ಮದುವೆಯಾದರೆ ಮಕ್ಕಳು ಸ್ವತಂತ್ರರೇ ಎಂದು ವ್ಯವಸ್ಥೆ ಕೊಟ್ಟಿರುವನು. ನಮ್ಮ ಶಾಸ್ತ್ರಕಾರರ ಪರಿಭಾಷೆಯಲ್ಲಿ ಹೇಳುವುದಾದರೆ, ಅಲ್ಲಿ ಕ್ಷೇತ್ರಕ್ಕಿಂತ ಬೀಜವೇ ಪ್ರಧಾನ. ಆದುದರಿಂದ ಕ್ಲೆಮೆಂಟನೊಬ್ಬನು ಸ್ವತಂತ್ರನಾಗಿದ್ದರೆ ಸಾಕು. ಹೆಂಡತಿಯ ವಿಷಯದಲ್ಲಿ ಶತ್ರುವು ಹೇಳಿದುದು ನಿಜವೇ ಆದರೂ ವಿಲಿಯಮನ ಸ್ವಾತಂತ್ರ್ಯಕ್ಕೆ ಕುಂದಿಲ್ಲ. ಎಲ್ಲವನ್ನೂ ಹೇಳಲು ಹೊರಟ ಹಗೆಯು ಅತ್ಯವಶ್ಯಕವಾದ ಒಂದು ಮಾತನ್ನು ಮಾತ್ರ ಹೇಳದೆ ಸುತ್ತಿ ಬಳಸಿ ಹೋದನೆಂದರೆ, ಅದನ್ನು ಹೇಳಲು ಅವನಿಗೆ ಆಧಾರವಿರಲಿಲ್ಲವೆಂದೇ ನಾವು ಊಹಿಸುವೆವು.

ಮೂರನೆಯ ಸಾಕ್ಷಿಯು ಕ್ಲೆಮೆಂಟನೇ. ಅವನ ಮರಣಶಾಸನವು ದೊರೆತಿದೆ. ಪಾಸ್ಟನ್ನಿನ ದೇವಾಲಯದೊಳಗೆ, ಉತ್ತರದ ಬಾಗಿಲಿಗೂ ತನ್ನ ಹೆಂಡತಿ ಬಿಯಾಟ್ರಿಸಳ ಸಮಾಧಿಗೂ ನಡುವೆ ತನ್ನನ್ನು ಹೂಳಬೇಕೆಂದು ಅದರಲ್ಲಿ ಕೇಳಿಕೊಂಡಿರುವನು. ದೇವಾಲಯಗಳಿಗೆ ಕಾಣಿಕೆಗಳನ್ನೂ ಬಿಟ್ಟಿರುವನು. ದೇವಾಲಯದೊಳಗಣ ನೆಲವು ಎಲ್ಲರಿಗೂ ದೊರೆಯುತ್ತಿರಲಿಲ್ಲ. ಊರಿನಲ್ಲಿ ಗಣ್ಯರಾದವರಿಗೆ ಸಲ್ಲುತ್ತಿದ್ದಿತು. ಇದರಿಂದ ಅವನು ಪ್ರಭುವಂಶದವನೆಂದಾಗಲಿಲ್ಲ, ಗತಿಗೆಟ್ಟವನೆಂದೂ ಆಗಲಿಲ್ಲ. ಎರಡು ನೇಗಿಲು, ಒಂದು ಗಿರಣಿ, ಊರಿನವರ ಮರ್ಯಾದೆ, ಇವುಗಳುಳ್ಳ ಮಧ್ಯಮ ಸ್ಥಿತಿಯ ಬೇಸಾಯಗಾರನೊಬ್ಬನು ನಮ್ಮ ಕಣ್ಣಿಗೆ ಕಾಣುವನು. ಅವನಿಗಿಂತ ಹಿಂದಕ್ಕೆ ಹೋದರೆ ಕತ್ತಲೆ. ಆ ಕತ್ತಲೆಗೆ ಕಾರಣವನ್ನೂ ಊಹಿಸಬಹುದು. 1381 ರಲ್ಲಿ ಇಂಗ್ಲೆಂಡಿನ ಒಕ್ಕಲಿಗರು ದಂಗೆಯೆದ್ದಾಗ ಅನೇಕ ಕಡೆಗಳಲ್ಲಿ ಅವರು ಮೊದಲು ಸುಟ್ಟುದು ಚಾವಡಿಯ ಕಡತಗಳನ್ನು. ಯಾರು ಯಾರ ಜೀತದವರೆಂಬುದು ಬರೆದಿದ್ದುದು ಅವುಗಳಲ್ಲಿಯೇ. ನಾರ್ಫೋಕಿನ ದಂಗೆಯು ಕೊನೆಗಂಡುದು ಪಾಸ್ಟನ್ನಿಗೆ ಕೆಲವೇ ಮೈಲಿಗಳಾಚೆಯ ನಾರ್ತ್ ವಾಲ್ಷಮ್ ಎಂಬಲ್ಲಿ. ಆಗ ವಿಲಿಯಂ ಮೂರು ವರ್ಷದ ಕೂಸು.

ಮೂವತ್ತೈದು ವರ್ಷಗಳ ಕಾಲ ಮಕ್ಕಳಿಗೆ ಅಕ್ಷರ ಕಲಿಸಿದ ನಮ್ಮಂತಹವರಿಗೆ ಈ ವಿವಾದದಲ್ಲೆಲ್ಲ ಮನಸ್ಸಿಗೆ ನಾಟುವುದು ಶತ್ರುವಿನ ಲೇಖದಲ್ಲಿರುವ ಸಾಲದ ಮಾತು. ಅವನು ಅದನ್ನು ಹೀಯಾಳಿಕೆಗಾಗಿ ಬರೆದನು: ಮಗನ ಓದಿಗೆ ಕೈಯಲ್ಲಿ ಕಾಸಿಲ್ಲದೆ ಸಾಲ ಬೇಡಿದ ಮನೆತನವಿದು, ಎಂದು. ಆ ದಿನಗಳಲ್ಲಿ ಜೀತದೊಕ್ಕಲು ಮಗನನ್ನು ಪಾಠಶಾಲೆಗೆ ಕಳುಹಿಸಬೇಕಾದರೆ ಒಡೆಯನ ಅಪ್ಪಣೆ ಬೇಕಾಗಿದ್ದಿತು. ಅಪ್ಪಣೆಯಿಲ್ಲದೆ ಕಳುಹಿಸಿದರೆ ದಂಡ. ಓದಿದವನು ಪಾದ್ರಿಯಾಗಿ ಒಡೆಯನ ಕೈತಪ್ಪಿ ಹೋಗುವನೆಂಬುದೇ ಅದಕ್ಕೆ ಕಾರಣ. ಜೀತದೊಕ್ಕಲುಗಳ ಮಕ್ಕಳನ್ನು ಶಾಲೆಗೆ ಸೇರಿಸಲೇಕೂಡದೆಂದು ಪಾರ್ಲಿಮೆಂಟಿನ ಸಾಮಾನ್ಯ ಸಭೆಯವರು 1391 ರಲ್ಲಿ ಅರಸನಿಗೆ ಅರಿಕೆ ಮಾಡಿಕೊಂಡರು, ಅರಸನು ಒಪ್ಪಲಿಲ್ಲ. ಆಗ ವಿಲಿಯಮನಿಗೆ ಹದಿಮೂರು ವರ್ಷ. ಯಾವ ಸ್ಥಿತಿಯ ಗಂಡಸಾಗಲಿ ಹೆಂಗಸಾಗಲಿ ತಮ್ಮ ಮಗನನ್ನೋ ಮಗಳನ್ನೋ ಇಷ್ಟವಾದ ಶಾಲೆಗೆ ಕಳುಹಿಸಬಹುದೆಂದು ಶಾಸನವಾದುದು 1406 ರಲ್ಲಿ. ಬಾಗಿಲು ಮುಚ್ಚುವುದೋ ತೆರೆಯುವುದೋ ಎಂಬ ಸಂದೇಹದ ಕಾಲದಲ್ಲಿಯೇ ಒಬ್ಬ ಬೇಸಾಯಗಾರನು ಸಾಲಮಾಡಿ ಮಗನನ್ನು ಒಳಕ್ಕೆ ನೂಕಿದನು. ಈ ಮನೆತನಕ್ಕೆ ಮೂಲಪುರುಷನು ಬೇಕೇ ಬೇಕೆಂದರೆ ಆ ಸಾಲಗಾರ ತಂದೆಯೇ ಅಹುದು. ಫ್ರಾನ್ಸಿನಿಂದ ಯಾರನ್ನೂ ಕರೆತರಬೇಕಾಗಿಲ್ಲ.

ಆದರೆ ಮೇಲಕ್ಕೆ ಹತ್ತಿದವರು ಏಣಿಯನ್ನು ಮರೆಯುವುದೂ ಲೋಕದಲ್ಲಿ ಉಂಟು. ಅದೇ ಲೇಖದಲ್ಲಿ ಇನ್ನೊಂದು ಸಂಗತಿಯಿದೆ. ಬ್ರಾಮ್‌ಹೋಮ್ ಮಠದ ಅಧಿಪತಿಗೆ ಹಣ ಬೇಕಾದಾಗ, ನ್ಯಾಯಾಧಿಪತಿ ವಿಲಿಯಮನು, ಮಠದ ಜೀತದೊಕ್ಕಲಾದ ಜಾನ್ ಆಲ್ಬನ್ ಎಂಬವನನ್ನು ತನಗೆ ಅಡವಿಟ್ಟರೆ ಮಾತ್ರ ಸಾಲ ಕೊಡುವೆನೆಂದನಂತೆ. ಆಲ್ಬನನು ದುಡಿಮೆಗಾರ, ತಲೆಬಾಗದವನು. ಅದಕ್ಕಾಗಿಯೇ ಅವನ ಮೇಲೆ ವಿಲಿಯಮನಿಗೆ ಹಗೆ. ಇಬ್ಬರೂ ಸತ್ತ ಮೇಲೆ, ವಿಲಿಯಮನ ಮಗನು ಆ ಅಡವಿನ ಬಲದಿಂದಲೇ ಆಲ್ಬನನ ಮಗನನ್ನು ನಾರಿಚ್ಚಿಗೆ ಕರೆಸಿಕೊಂಡನೆಂದು ಲೇಖವು ದೂರುತ್ತದೆ. ಶತ್ರುವಿನ ಮಾತೆಂದು ಇದನ್ನು ಬದಿಗಿಟ್ಟರೂ, ಅರಸನ ಮುಂದೆ ಪಾಸ್ಟನ್ನರೇ ತಮ್ಮ ಕುಲೀನತೆಗೆ ಸಾಕ್ಷಿಯಾಗಿ ತೋರಿಸಿದುದು ತಮಗೂ ಜೀತದೊಕ್ಕಲುಗಳಿದ್ದರೆಂಬುದನ್ನು. ತಾವು ಜೀತದವರಲ್ಲವೆಂಬುದಕ್ಕೆ ಬೇರೊಬ್ಬರ ಜೀತವೇ ಪ್ರಮಾಣವಾಗಬೇಕಾಯಿತು.

ಮನೆಯೊಳಗೂ ಇದೇ ಕಥೆ. 1469 ರಲ್ಲಿ ಮಾರ್ಗರೆಟ್ಟಳ ಮಗಳಾದ ಮಾರ್ಜರಿಯು ಮನೆಯ ಪಾರುಪತ್ತೆಗಾರನಾದ ರಿಚರ್ಡ್ ಕಾಲ್ ಎಂಬವನಿಗೆ ಗುಟ್ಟಾಗಿ ಮದುವೆಯ ಮಾತನ್ನು ಕೊಟ್ಟಿರುವಳೆಂದು ತಿಳಿದುಬಂದಿತು. ಕಾಲನು ನಂಬಿಗಸ್ತ, ಲೆಕ್ಕಪತ್ರದಲ್ಲಿ ನಿಪುಣ. ಆದರೆ ಅವನ ಮನೆಯವರು ಫ್ರಾಮ್ಲಿಂಗ್‌ಹ್ಯಾಮಿನ ಅಂಗಡಿಕಾರರು. ತನ್ನ ತಂಗಿಯು ಮೇಣದಬತ್ತಿಯನ್ನೂ ಸಾಸಿವೆಯನ್ನೂ ಮಾರಲು ತಾನೆಂದಿಗೂ ಒಪ್ಪೆನೆಂದು ಅಣ್ಣನು ಬರೆದನು. ಗಿರಣಿಗೆ ಮೂಟೆ ಹೊತ್ತ ಕ್ಲೆಮೆಂಟನಿಗೆ ಇವನು ಮರಿಮಗನೆಂಬುದನ್ನು ವಾಚಕರು ಗಮನಿಸಬೇಕು. ಬಿಷಪ್ಪನು ಹುಡುಗಿಯನ್ನು ಕರೆಸಿ ವಿಚಾರಿಸಿದಾಗ, ಆಡಿದ ಮಾತು ಸಾಲದಿದ್ದರೆ ಅದನ್ನು ಇನ್ನೂ ಭದ್ರಪಡಿಸಿಯೇ ಹೊರಡುವೆನೆಂದು ಅವಳು ಹೇಳಿದಳು. ಮದುವೆ ಊರ್ಜಿತವಾಯಿತು, ತಾಯಿಯು ಮನೆಯ ಬಾಗಿಲನ್ನು ಮುಚ್ಚಿಸಿದಳು. ಆದರೂ ಕಾಲನ ಸೇವೆಯನ್ನು ಬಿಟ್ಟು ಆ ಮನೆತನಕ್ಕೆ ನಡೆಯಲಿಲ್ಲ. ಹದಿಮೂರು ವರ್ಷಗಳ ಮೇಲೆ, 1482 ರಲ್ಲಿ, ಮಾರ್ಗರೆಟ್ಟಳು ಬರೆಸಿದ ಮರಣಶಾಸನದಲ್ಲಿ ಮಾರ್ಜರಿಯ ಹಿರಿಯ ಮಗನಿಗೆ 20 ಪೌಂಡುಗಳನ್ನು ಬಿಟ್ಟಿದ್ದಾಳೆ. ಮುಚ್ಚಿದ ಬಾಗಿಲು ಅಜ್ಜಿಯ ಕೊನೆಗಾಲದಲ್ಲಿ ಅಷ್ಟು ಮಟ್ಟಿಗೆ ತೆರೆಯಿತು.

ಅರಸನ ಘೋಷಣೆಯಿಂದ ಪಾಸ್ಟನ್ನರ ಮೈಯ ಸ್ವಾತಂತ್ರ್ಯ ಉಳಿಯಿತು. ಆಸ್ತಿಗೆ ಮಾತ್ರ ನೆಮ್ಮದಿ ಬರಲಿಲ್ಲ. ಮೂರೇ ವರ್ಷಗಳಲ್ಲಿ, 1469 ರಲ್ಲಿ, ನಾರ್ಫೋಕಿನ ಡ್ಯೂಕನು ಸುಮಾರು 3000 ಜನರೊಡನೆ ಕೇಸ್ಟರನ್ನು ಮುತ್ತಿದನು. ಒಳಗಿದ್ದವರು ಮೂವತ್ತಕ್ಕೂ ಕಡಿಮೆ. ಕೋಟೆ ಹೋಯಿತು, 1476 ರಲ್ಲಿ ಡ್ಯೂಕನು ಸತ್ತ ಬಳಿಕವೇ ಅದು ಮರಳಿ ಬಂದಿತು. ಅಲ್ಲಿಂದಾಚೆಗೆ ಮನೆತನವು ಏರುತ್ತಲೇ ಹೋಗಿ, 1679 ರಲ್ಲಿ ರಾಬರ್ಟ್ ಪಾಸ್ಟನ್ ಎಂಬವನು ಯಾರ್ಮತ್ತಿನ ಅರ್ಲ್ ಎಂಬ ಪ್ರಭುಪದವಿಯನ್ನು ಪಡೆದನು. ಅವನ ಮಗನು ಸಾಲದಲ್ಲಿ ಮುಳುಗಿ, ಗಂಡುಸಂತಾನವಿಲ್ಲದೆ 1732 ರಲ್ಲಿ ಸತ್ತುದರಿಂದ ಪದವಿಯು ಅಳಿಯಿತು. ಅಜ್ಜನು ಮಾಡಿದ ಸಾಲದಿಂದ ಮನೆ ಎದ್ದಿತು, ಮೊಮ್ಮಕ್ಕಳು ಮಾಡಿದ ಸಾಲದಿಂದ ಬಿದ್ದಿತು. ಸಾಲವೆಂಬ ಹೆಸರು ಒಂದೇ. ಯಾವುದಕ್ಕಾಗಿ ಮಾಡಿದುದು ಎಂಬುದರಲ್ಲಿ ಭೇದ.

ಈ ನಡುವೆ, 1606 ರಲ್ಲಿ, ಅದೇ ವಂಶದ ಸರ್ ವಿಲಿಯಂ ಪಾಸ್ಟನ್ ಎಂಬವನು ನಾರ್ತ್ ವಾಲ್ಷಮಿನಲ್ಲಿ ಒಂದು ಪಾಠಶಾಲೆಯನ್ನು ಸ್ಥಾಪಿಸಿದನು. ಮುಂದೆ ನೌಕಾಯುದ್ಧಗಳಲ್ಲಿ ಜಗತ್ಪ್ರಸಿದ್ಧನಾದ ನೆಲ್ಸನ್ನನು ಬಾಲ್ಯದಲ್ಲಿ ಅಲ್ಲಿ ಕೆಲಕಾಲ ಓದಿದನು. ಸರ್ ವಿಲಿಯಮನು ತನ್ನ ಕುಲದ ಆದಿಯಲ್ಲಿದ್ದ ಆ ಸಾಲವನ್ನು ನೆನೆದು ಹೀಗೆ ಮಾಡಿದನೆಂದು ಹೇಳಲು ಆಧಾರವಿಲ್ಲ. ಆದರೆ ಋಣವು ತಕ್ಕ ಕಡೆಗೇ ಸಂದಾಯವಾಯಿತೆಂದು ನಾವು ಎಣಿಸಿದರೆ ವಾಚಕರು ಆಕ್ಷೇಪಿಸಲಾರರೆಂದು ನಂಬಿರುವೆವು.

ಕೊನೆಗೆ ಗೃಹಸ್ಥರಲ್ಲಿ ಒಂದು ವಿಜ್ಞಾಪನೆ. ವುಲ್ಫ್‌ಸ್ಟನ್ನನ ವಂಶಾವಳಿಯು ಪಾಸ್ಟನ್ನರಿಗೆ ಕೀರ್ತಿಯನ್ನು ತರಲಿಲ್ಲ. ತಂದುದು ಬಾದಾಮಿ ಸಕ್ಕರೆಗಳ ಪಟ್ಟಿ, ಪಾರುಪತ್ತೆಗಾರನ ಲೆಕ್ಕ, ಮಗಳ ಮೇಲಣ ಮುನಿಸಿನ ಓಲೆ. ನಮ್ಮ ಮನೆಗಳ ಅಟ್ಟದ ಮೇಲೆಯೂ ಹಳೆಯ ಪೆಟ್ಟಿಗೆಗಳಿರುವುವು. ಅವುಗಳಲ್ಲಿ ಅಜ್ಜನ ಕಡತ, ಸಾಲಪತ್ರ, ಅಜ್ಜಿಗೆ ತವರಿನಿಂದ ಬಂದ ಕಾಗದ ಮೊದಲಾದುವು ಇರಬಹುದು. ಹಬ್ಬದ ಗುಡಿಸುವಿಕೆಯಲ್ಲಿ ಅವನ್ನು ಒಲೆಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ಓದಿ ನೋಡಿರಿ. ಮನೆತನದ ಮೂಲವು ಅಂತಹ ಒಂದು ಹಾಳೆಯಲ್ಲಿಯೇ, ನಾಚಿಕೆಯೆಂದು ಹಿರಿಯರು ಮಡಿಸಿಟ್ಟ ಒಂದು ಸಾಲಪತ್ರದಲ್ಲಿಯೇ, ಇದ್ದರೂ ಇರಬಹುದು.